ಬಾವಿಕಟ್ಟೆಯಲ್ಲಿ ನಿಂತ ಕತೆ

ಎಲ್ಲ ಶುರುವಾದದ್ದು ಒಂಬತ್ತನೇ ತರಗತಿಯ ಫಾಹಿಮಾ ಪೈಥಾಗೊರಸನ ಪ್ರಮೇಯಕ್ಕೆ ಬೆಚ್ಚಿಬಿದ್ದದ್ದರಿಂದ.

ಅಬ್ದುಲ್ ಸಲಾಂ ಮಾಸ್ಟ್ರು ಪುಂಜಾಲಕಟ್ಟೆ ಹತ್ತಿರದ ಆ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದರು. ಅವರ ಪಾಠಕ್ಕೆ ಮಕ್ಕಳು ಆಕಳಿಸಿದ್ದುಂಟು, ತೂಕಡಿಸಿ ಬೆಂಚಿನಿಂದ ಬಿದ್ದದ್ದೂ ಉಂಟು. ಆದರೆ ಹೀಗೆ "ಅಯ್ಯಮ್ಮಾ!" ಎಂದು ಯಾರೂ ಕಿರುಚಿರಲಿಲ್ಲ. ಒಂದು ಕ್ಷಣ ಅವರಿಗೆ ಹೆಮ್ಮೆಯೇ ಆಯಿತು. ಹತ್ತಿರ ಹೋಗಿ ನೋಡಿದರೆ ಗಣಿತ ಪುಸ್ತಕದ ಹೊಟ್ಟೆಯೊಳಗೆ ಇನ್ನೊಂದು ಪುಸ್ತಕ: 'ಬಿಳಿ ಬಂಗಲೆಯ ಒಂಟಿ ಕೈ, ಒಂದನೇ ಭಾಗ'. ಮುಖಪುಟದಲ್ಲಿ ಬಾವಿಯಿಂದ ಒಂದು ಕೈ ಮೇಲೆದ್ದು ಬಂದಿತ್ತು. ಅದಕ್ಕೆ ಬಣ್ಣದ ಉಗುರು ಬೇರೆ.

"ಇದೆಲ್ಲ ಓದಿದರೆ ತಲೆ ಹಾಳಾಗ್ತದೆ, ಗೊತ್ತುಂಟಾ? ಪರೀಕ್ಷೆಯಲ್ಲಿ ದೆವ್ವ ಬಂದು ಲೆಕ್ಕ ಮಾಡಿಕೊಡ್ತದಾ?"

"ನನ್ನದಲ್ಲ ಸಾರ್, ಅನಿಷಾಳದ್ದು. ಎರಡನೇ ಭಾಗ ಯಾರ ಹತ್ರ ಉಂಟು ಅಂತ ಅವಳಿಗೇ ಗೊತ್ತು. ಅವಳು ಮೂಡುಬಿದಿರೆಗೆ ಮದುವೆಗೆ ಹೋಗಿದ್ದಾಳೆ."

ಮಾಸ್ಟ್ರು ಪುಸ್ತಕವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿಕೊಂಡು ಹೊರಟರು. ಕಾರಿಡಾರಿಗೆ ಬಂದ ಮೇಲೆ ಅದನ್ನು ಮೆಲ್ಲಗೆ ಕಂಕುಳಲ್ಲಿಟ್ಟುಕೊಂಡರು.

ಇಂಥ ಪುಸ್ತಕಗಳ ಮೇಲೆ ಅವರಿಗಿದ್ದ ಕೋಪ ನಿಜವಾಗಿ ಕೋಪವಲ್ಲ, ಹಳೆಯ ಪ್ರೀತಿ. ಬಂಟ್ವಾಳ ಪೇಟೆಯಲ್ಲಿ ಅವರ ತಂದೆಯ ಜಿನಸಿ ಅಂಗಡಿ ಇತ್ತು. ಸಾಮಾನು ಕಟ್ಟಲು ಹಳೆಯ ವಾರಪತ್ರಿಕೆಗಳು ತೂಕದ ಲೆಕ್ಕದಲ್ಲಿ ಬರುತ್ತಿದ್ದವು. ಬಾಲಕ ಸಲಾಂ ಬೆಲ್ಲದ ಮೂಟೆಯ ಮೇಲೆ ಕೂತು ಭೂತದ ಕತೆ, ಪತ್ತೇದಾರಿ ಕತೆ ಎಲ್ಲವನ್ನೂ ನುಂಗುತ್ತಿದ್ದ. ಆದರೆ ಒಂದಕ್ಕೂ ಕೊನೆ ಇಲ್ಲ. ಕೊಲೆ ನಡೆಯುವ ಪುಟ ಕೈಗೆ ಸಿಕ್ಕುವಾಗ, ಕೊಲೆಗಾರ ಸಿಕ್ಕುವ ಪುಟ ಯಾರದ್ದೋ ಹೆಸರುಕಾಳಿನ ಕಟ್ಟಾಗಿ ಪೊಳಲಿಯ ಕಡೆ ಹೋಗಿರುತ್ತಿತ್ತು. ಹೆದರಿಕೆ ಮಾತ್ರ ಪೂರ್ತಿ ಸಿಗುತ್ತಿತ್ತು. ಕತ್ತಲಾದ ಮೇಲೆ ಬಚ್ಚಲಿಗೆ ಹೋಗಬೇಕಾದರೆ ಉಮ್ಮ ಹೊರಗೆ ನಿಂತು ಕೆಮ್ಮುತ್ತಲೇ ಇರಬೇಕು. ಕೆಮ್ಮು ನಿಂತರೆ ಒಳಗಿನಿಂದ ಬೊಬ್ಬೆ. ಬಿ.ಎಡ್. ಮುಗಿಸಿ ಮಾಸ್ಟ್ರಾದ ದಿನ ಸಲಾಂ ಈ ಚಟಕ್ಕೆ ದೊಡ್ಡ ನಮಸ್ಕಾರ ಹಾಕಿ ಬಿಟ್ಟುಬಿಟ್ಟಿದ್ದರು.

ಎರಡನೇ ಪೀರಿಯಡ್ ಬಿಡುವಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಪುಸ್ತಕ ಬಿಚ್ಚಿದರು. ಒಂದೇ ಪುಟ ನೋಡಿ ಮುಚ್ಚುವ ಎಂದುಕೊಂಡಿದ್ದರು. ಘಾಟಿಯ ಬಿಳಿ ಬಂಗಲೆಯ ಯಜಮಾನಿ ಬಾವಿಯಲ್ಲಿ ಹೆಣವಾಗಿದ್ದಾಳೆ. ರಾತ್ರಿಯಾದರೆ ಬಾವಿಯಿಂದ ಕೈಯೊಂದು ಏಳುತ್ತದೆ. ಬಂಗಲೆಯಲ್ಲಿ ಇರುವವರು ಮೂವರು: ಕಂಪೌಂಡರ್, ಡ್ರೈವರ್, ಕಿವಿ ಕೇಳದ ಅಡುಗೆಯ ಅಜ್ಜಿ.

"ಎಂತ ಮಾಸ್ಟ್ರೇ, ಈ ನಮೂನೆ ಬೆವರು?" ಹಿಂದಿ ಕಲಿಸುವ ನೀಲಾವತಿ ಟೀಚರ್ ಇಣುಕಿದರು.

"ಪೇಪರ್ ತಿದ್ದುತ್ತಾ ಇದ್ದೇನೆ."

"ಅಷ್ಟೂ ಕೆಟ್ಟದಾಗಿ ಬರೆದಿದ್ದಾರಾ? ಇದು ಬಿ.ಪಿ.ಯೇ ಮಾರಾಯ್ರೆ. ನನ್ನ ಭಾವನಿಗೂ ಹೀಗೇ ಸುರುವಾದದ್ದು." ಜೀರಿಗೆ ನೀರು ತಂದು ಪೂರ್ತಿ ಕುಡಿಸಿಯೇ ಬಿಟ್ಟರು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಸಲಾಂ ಮಾಸ್ಟ್ರಿಗೆ ಹಾರ್ಟಿನ ತೊಂದರೆಯಂತೆ ಎಂದು ಶಾಲೆಯಿಡೀ ಸುದ್ದಿ.

ಹಾರ್ಟಿಗೆ ಏನೂ ಆಗಿರಲಿಲ್ಲ. ಗಣಿತದವರಲ್ಲವೇ, ದತ್ತ, ಸಾಧನೀಯ ಎಂದು ಮನಸ್ಸಿನಲ್ಲೇ ಬರೆದು, ಕೊಲೆಗಾರ ಕಂಪೌಂಡರನೇ ಎಂದು ಸಾಧಿಸಿ ಮುಗಿಸಿದ್ದರು. ಕೊನೆಯ ಪುಟದಲ್ಲಿ ಆ ಕಂಪೌಂಡರ್ ಟಾರ್ಚ್ ಹಿಡಿದು ಬಾವಿಕಟ್ಟೆಗೆ ಬರುತ್ತಾನೆ. ಹಿಂದಿನಿಂದ ತಣ್ಣನೆಯ ಕೈಯೊಂದು ಹೆಗಲು ಮುಟ್ಟುತ್ತದೆ. ತಿರುಗಿ ನೋಡಿ, "ಅಯ್ಯೋ, ನೀನಾ!" ಎನ್ನುತ್ತಾನೆ. ಮುಂದಿನದು ಎರಡನೇ ಭಾಗದಲ್ಲಿ.

ಮಾಸ್ಟ್ರಿಗೆ ಅಳು ಬಂತು. ಈ ಪ್ರಾಯದಲ್ಲಿಯೂ ಕೊನೆ ಇಲ್ಲದ ಕತೆಯೇ ಹಣೆಯಲ್ಲಿ ಬರೆದದ್ದಾ?

ಊಟ ಬಿಟ್ಟು ನೇರ ಒಂಬತ್ತನೇ ತರಗತಿಗೆ ಹೋಗಿ, "ಎಲ್ಲರೂ ಬ್ಯಾಗ್ ತೆಗೀರಿ!" ಎಂದರು. ಉಪ್ಪುಖಾರ ಹಾಕಿದ ಮಾವಿನಕಾಯಿ ಸಿಕ್ಕಿತು, ಹುಣಸೆಹುಳಿ ಸಿಕ್ಕಿತು, ಒಂದು ಬ್ಯಾಗಿನಲ್ಲಿ ಜೀವಂತ ಏಡಿಯೂ ಸಿಕ್ಕಿತು. ಎರಡನೇ ಭಾಗ ಸಿಗಲಿಲ್ಲ. ಏಡಿ ಕಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ತಿರುಗಿದರೆ ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಪದ್ಮಲತಾ ಮೇಡಂ.

"ಎಂತ ಹುಡುಕ್ತಾ ಇದ್ದೀರಿ ಮಾಸ್ಟ್ರೇ?"

"ಕೆಟ್ಟ ಪುಸ್ತಕ ಮೇಡಂ. ಒಂದನೇ ಭಾಗ ಹಿಡಿದಿದ್ದೇನೆ. ಎರಡನೇದ್ದು ಸಿಗದೆ ನಾನು ಬಿಡುವುದಿಲ್ಲ."

ಮೇಡಂ ಅವರ ಮುಖ ಕೆಂಪಾಯಿತು. ಸಿಟ್ಟಿನಿಂದ ಎಂದು ಮಾಸ್ಟ್ರು ತಿಳಿದರು. "ಒಳ್ಳೆಯ ಕೆಲಸ," ಎಂದರು ಮೇಡಂ, ಗಂಟಲು ಸರಿಮಾಡಿಕೊಂಡು. "ಕೊನೆಯ ಪೀರಿಯಡ್‌ನಲ್ಲಿ ಎಲ್ಲ ಮಕ್ಕಳನ್ನೂ ಸೇರಿಸುವ. ಇಂಥ ಪುಸ್ತಕದಿಂದ ಏನು ಹಾಳು ಅಂತ ನೀವೇ ಮಾತಾಡಿ."

ಭಾಷಣ ಅಂದರೆ ಮಾಸ್ಟ್ರಿಗೆ ಆಗದು. ಕೊನೆಯ ಪೀರಿಯಡ್‌ನಲ್ಲಿ ಮೈದಾನದಲ್ಲಿ ಸೇರಿದ ಮಕ್ಕಳ ಎದುರು ನಿಂತು, "ಉದಾಹರಣೆಗೆ ಈ ಪುಸ್ತಕ," ಎಂದರು. "ಇದರಲ್ಲಿ ಎಂತ ಉಂಟು? ಒಂದು ಬಿಳಿ ಬಂಗಲೆ. ಒಂದು ಬಾವಿ..."

ಅಲ್ಲಿಂದ ಮುಂದೆ ಏನಾಯಿತೆಂದು ಅವರಿಗೇ ತಿಳಿಯಲಿಲ್ಲ. ಬಾಯಿ ತಾನಾಗಿ ಓಡಿತು. ಕೈ ಬಾವಿಯಿಂದ ಎದ್ದಾಗ ಮೊದಲ ಸಾಲಿನವರು ಹಿಂದೆ ಸರಿದರು. ಕಂಪೌಂಡರನ ಕಪಟವನ್ನು ಮಾಸ್ಟ್ರು ಬೆರಳು ಮಡಚಿ ಮಡಚಿ ಸಾಬೀತು ಮಾಡಿದರು. ಬೆಲ್ ಹೊಡೆಯಬೇಕಾದ ಜವಾನ ರುಕ್ಮಯ್ಯ ಸುತ್ತಿಗೆ ಎತ್ತಿದವನು ಹಾಗೆಯೇ ನಿಂತ. ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕಿ ಹಾಕಿ, ಕೊನೆಗೆ ಕಂಡಕ್ಟರನೂ ಇಳಿದು ಬಂದು ಬೇಲಿಗೆ ಒರಗಿದ.

"...ತಿರುಗಿ ನೋಡಿ, ಅಯ್ಯೋ, ನೀನಾ! ಅಂದ."

"ಮತ್ತೆ ಸಾರ್?" ಎಂದಿತು ಇಡೀ ಮೈದಾನ.

"ಮತ್ತೆ... ಗೊತ್ತಿಲ್ಲ."

ಮಕ್ಕಳು ಬಿಡಲಿಲ್ಲ. "ಬಸ್ಸು ಹೋದರೆ ಹೋಗ್ಲಿ, ಹೇಳಿ ಸಾರ್!" ಎಂದು ಬೊಬ್ಬೆ ಹಾಕಿದರು. ಆಗಲೇ ಮೇಡಂ ಎದ್ದುನಿಂತು, "ಸಲಾಂ ಮಾಸ್ಟ್ರೇ, ನನ್ನ ರೂಮಿಗೆ ಬನ್ನಿ," ಎಂದರು.

ಮೆಮೋ ಗ್ಯಾರಂಟಿ ಎಂದು ಮಾಸ್ಟ್ರು ತಲೆ ತಗ್ಗಿಸಿ ಒಳಗೆ ಹೋದರು. ಮೇಡಂ ಬಾಗಿಲಿಗೆ ಚಿಲಕ ಹಾಕಿದರು. ಮೇಜಿನ ಖಾನೆ ಎಳೆದು, ಇಲಾಖೆಯ ಸುತ್ತೋಲೆಗಳ ಅಡಿಯಿಂದ ಒಂದು ಪುಸ್ತಕ ತೆಗೆದರು. 'ಬಿಳಿ ಬಂಗಲೆಯ ಒಂಟಿ ಕೈ, ಎರಡನೇ ಭಾಗ'.

"ಮೊನ್ನೆ ಅನಿಷಾಳಿಂದ ಹಿಡಿದದ್ದು," ಎಂದು ಪಿಸುಗುಟ್ಟಿದರು. "ಸುರುವಿನ ಕತೆ ಗೊತ್ತಿಲ್ಲದೆ ತಲೆಬುಡ ಅರ್ಥ ಆಗಿರಲಿಲ್ಲ ಮಾಸ್ಟ್ರೇ. ಎಷ್ಟು ಸಲ ಓದಿದರೂ ಅಷ್ಟೇ. ಇವತ್ತು ನೀವು ಹೇಳಿದ ಮೇಲೆ ಜೀವ ಬಂತು ನೋಡಿ!"

ಮಾಸ್ಟ್ರ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿದರು.

"ಆದರೆ ಒಂದು ತಪ್ಪು ಮಾಡಿದಿರಿ."

"ಬೇಡ ಮೇಡಂ! ಹೇಳಬೇಡಿ, ದಮ್ಮಯ್ಯ..."

"ಎಂತ ಬೇಡ? ಟೀಚರುಗಳು ತಪ್ಪು ಮಾಡಿದರೆ ತಿದ್ದುವುದು ನನ್ನ ಕರ್ತವ್ಯ ಅಲ್ವಾ? ಕಂಪೌಂಡರ್ ಪಾಪದವ. ಕೊಂದದ್ದು ಆ ಅಡುಗೆಯ ಅಜ್ಜಿ. ಅವಳಿಗೆ ಕಿವಿ ಚೆನ್ನಾಗಿ ಕೇಳ್ತದೆ!"

ಮಾಸ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ಮೇಡಂ ಮಾಸ್ಟ್ರ ಕಂಕುಳಿನಿಂದ ಒಂದನೇ ಭಾಗ ಎಳೆದುಕೊಂಡು, ಎರಡನೇದ್ದನ್ನು ಅವರ ಮಡಿಲಲ್ಲಿಟ್ಟರು.

"ಓದಿ, ಓದಿ. ಇನ್ನು ನಿಮಗೆ ಹೆದರಿಕೆ ಆಗಲಿಕ್ಕಿಲ್ಲ. ನಾಳೆ ಪ್ರಾರ್ಥನೆ ಆದ ಮೇಲೆ ಮಕ್ಕಳಿಗೆ ತಿದ್ದಿ ಹೇಳಿಬಿಡಿ. ಗಣಿತದ ಮಾಸ್ಟ್ರು ತಪ್ಪು ಉತ್ತರ ಕೊಟ್ಟರು ಅಂತ ಶಾಲೆಗೆ ಹೆಸರು ಬರುವುದು ಬೇಡ."

"ಆಗ್ಲಿ ಮೇಡಂ," ಎಂದರು ಮಾಸ್ಟ್ರು.