ಅಂಗಿ ಮೂಸುವ ಹೆಂಡತಿ

ಆ ದಿನವೂ ಎಂದಿನಂತೆ ಬೆಳಿಗ್ಗೆ ಐದೂವರೆಗೆ ಎದ್ದು, ಬಚ್ಚಲ ಒಲೆಗೆ ಎರಡು ಕೊರಡು ತಳ್ಳಿ, ಹಾಲು ಕಾಯಲು ಇಟ್ಟು, ಡಿಕಾಕ್ಷನ್ ಇಳಿಯುವ ಹತ್ತು ನಿಮಿಷದಲ್ಲಿ ಗಂಡನ ಹಿಂದಿನ ದಿನದ ಅಂಗಿಯನ್ನು ಮೂಸಿದೆ. ಮೊದಲ ಮೂರು ಕೆಲಸ ಎಲ್ಲರ ಮನೆಯಲ್ಲೂ ನಡೆಯುವಂಥವು. ನಾಲ್ಕನೆಯದನ್ನು ನಾನು ಐದು ತಿಂಗಳಿಂದ ಗುಟ್ಟಾಗಿ ಮಾಡಿಕೊಂಡು ಬಂದಿದ್ದೆ. ಮೊದಲು ಕಾಲರು, ಆಮೇಲೆ ಎಡಗಡೆಯ ಜೇಬು, ಕೊನೆಗೆ ಬಲತೋಳಿನ ತುದಿ. ಈ ಕ್ರಮ ತಪ್ಪುವುದಿಲ್ಲ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, ಅಲ್ಲಿ ಪ್ರತಿ ಸೋಮವಾರ ಸಿಸ್ಟರು ನಮ್ಮ ಉಗುರು, ರಿಬ್ಬನ್ನು, ಕರವಸ್ತ್ರ ಎಂದು ಕ್ರಮವಾಗಿ ನೋಡುತ್ತಿದ್ದರು. ಉಗುರಿನಲ್ಲಿ ಮಣ್ಣಿದ್ದರೆ ಬೈಯುತ್ತಿರಲಿಲ್ಲ. ನಮ್ಮ ಮುಖ ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೇ. ಬೆತ್ತದ ಏಟಾದರೆ ಸಂಜೆಗೆ ಮರೆತುಹೋಗುತ್ತದೆ, ಆ ನಿಟ್ಟುಸಿರು ರಾತ್ರಿ ಊಟದ ತನಕ ಚುಚ್ಚುತ್ತಿತ್ತು. ಅದನ್ನು ನಾನು ತವರಿನ ಬಳುವಳಿಯ ಹಾಗೆ ಗಂಡನ ಮನೆಗೂ ತಂದಿದ್ದೇನೆ.

ನಮ್ಮವರು ಬಿಟ್ಟಂಗಾಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆದು, ಕೆಲಸ ಹಂಚಿ, ಅವರ ಹಿಂದೆ ಗುಡ್ಡ ಹತ್ತಿ ಇಳಿಯುವುದು ಅವರ ಉದ್ಯೋಗ. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷ. ಅದರಲ್ಲಿ ಹದಿನೆಂಟೂವರೆ ವರ್ಷ ಅವರ ಬೆರಳ ಸಂದಿಯಲ್ಲಿ ಸಿಗರೇಟು ಇತ್ತು. ಯಾಕೆ ಎಂದು ಕೇಳಿದಾಗಲೆಲ್ಲ ಒಂದೊಂದು ಕಾರಣ ಸಿದ್ಧವಿರುತ್ತಿತ್ತು. ಚಳಿಗಾಲದಲ್ಲಿ ಚಳಿಗೆ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ತಲೆಬಿಸಿಗೆ, ಮಳೆಗಾಲದಲ್ಲಿ ಜಿಗಣೆಗೆ. "ತೋಟದಲ್ಲಿ ಜಿಗಣೆ ಕಚ್ಕೊಂಡ್ರೆ ಹೆಂಗೆ ಬಿಡಿಸ್ಲಿ ಹೇಳು? ಸಿಗರೇಟಿನ ತುದಿ ಮುಟ್ಟಿಸಿದ್ರೆ ತಟ್ಟಂತ ಉದುರ್ತದೆ" ಎನ್ನುತ್ತಿದ್ದರು. "ಬೇಸಿಗೇಲಿ ಜಿಗಣೆ ಇರಲ್ವಲ್ಲ?" ಎಂದರೆ, "ಅಭ್ಯಾಸ ತಪ್ಪಬಾರದಲ್ಲ" ಎನ್ನುತ್ತಿದ್ದರು. ಇಂಥವರೊಡನೆ ವಾದ ಮಾಡಲು ನನ್ನ ಇಂಗ್ಲಿಷೂ ಸಾಲುತ್ತಿರಲಿಲ್ಲ, ಕನ್ನಡವೂ ಸಾಲುತ್ತಿರಲಿಲ್ಲ.

ಕಳೆದ ಜನವರಿಯಲ್ಲಿ ತೋಟದ ಮೇಲಿನ ಬ್ಲಾಕಿನ ಏರು ಹತ್ತುವಾಗ ಮೂರು ಕಡೆ ನಿಂತರಂತೆ. ಮೂರನೆಯ ಸಲ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡು ಕುಳಿತೇಬಿಟ್ಟರಂತೆ. ವಿರಾಜಪೇಟೆಯ ಡಾಕ್ಟರು ಬಾಯಿಗೊಂದು ಕೊಳವೆ ಇಟ್ಟು ಊದಿಸಿ ನೋಡಿ, "ಈಗ ಬಿಟ್ಟರೆ ಇರುವಷ್ಟು ಉಸಿರು ಉಳಿಯುತ್ತದೆ. ಬಿಡದಿದ್ದರೆ ಗುಡ್ಡ ಹತ್ತುವ ಕೆಲಸ ಮರೆತುಬಿಡಿ" ಎಂದರು. ಗುಡ್ಡ ಹತ್ತಲಾರದ ರೈಟರನ್ನು ಯಾವ ಎಸ್ಟೇಟು ಇಟ್ಟುಕೊಳ್ಳುತ್ತದೆ? ನಮ್ಮವರು ಅಲ್ಲೇ ಜೇಬಿನಿಂದ ಪ್ಯಾಕು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು. ಡಾಕ್ಟರು, "ಒಬ್ಬರೇ ಬಿಡಲು ಹೋಗಬೇಡಿ. ಸುತ್ತಲಿನವರಿಗೆಲ್ಲ ಹೇಳಿ, ಅವರ ಸಹಾಯ ಕೇಳಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮನೆಯವರು ಧೈರ್ಯ ಕೊಡಬೇಕಮ್ಮಾ, ಪೊಲೀಸಾಗಬಾರದು" ಎಂದರು. ನಾನು ಬಹಳ ಶ್ರದ್ಧೆಯಿಂದ ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರೆಲ್ಲ ಕರೆದಾದ ಮೇಲೆ ನಮ್ಮವರು ಗಂಟಲು ಸರಿಮಾಡಿಕೊಂಡು, "ನಾನು ಸಿಗರೇಟು ಬಿಟ್ಟಿದೀನಿ. ನನ್ನ ಕೈಯಲ್ಲಿ ಕಂಡ್ರೆ ಕಿತ್ತು ಬಿಸಾಕಿ, ಬೇಜಾರು ಮಾಡ್ಕೊಳ್ಳಲ್ಲ" ಎಂದು ಘೋಷಿಸಿದರಂತೆ. ಕೆಲಸದ ವಿಷಯದಲ್ಲಿ ರೈಟರ ಮಾತನ್ನು ಅರ್ಧ ಮಾತ್ರ ಕೇಳುವ ಜನ ಇದೊಂದನ್ನು ಪೂರ್ತಿಯಾಗಿ ಕೇಳಿದರು. ಆಳುಗಳ ಲೈನುಮನೆಯ ಹಿರಿಯಳು ಚೆಲುವಮ್ಮ ದಿನವೂ ಅವರ ಜೇಬಿಗೆ ಉಪ್ಪುಹಾಕಿ ಒಣಗಿಸಿದ ನೆಲ್ಲಿಕಾಯಿ ತುಂಬತೊಡಗಿದಳು. ಎಸ್ಟೇಟಿನ ಗೇಟಿನ ಬಳಿ ಅಂಗಡಿ ಇಟ್ಟಿರುವ ಮೊಯ್ದುಕಾಕ, ತಿರುವಿನಲ್ಲಿ ನಮ್ಮವರ ತಲೆ ಕಂಡಕೂಡಲೆ ಬಾಳೆಗೊನೆಯನ್ನು ಸಿಗರೇಟು ಡಬ್ಬಗಳ ಮುಂದಕ್ಕೆ ಎಳೆದು, ಕೇಳುವ ಮೊದಲೇ ಹಾಲಿಲ್ಲದ ಚಹಾ ಕೈಗಿಡುತ್ತಿದ್ದರು. ಬೇಲಿಯಾಚೆಯ ಪೂವಕ್ಕ, "ಬಾಯಿ ಖಾಲಿ ಬಿಟ್ರೆ ಸೈತಾನ ಬರ್ತದೆ" ಎಂದು ಕಿತ್ತಳೆ ಕಳಿಸಿದರು, ಕಿತ್ತಳೆ ಮುಗಿದ ಮೇಲೆ ಬೆಣ್ಣೆಹಣ್ಣು ಕಳಿಸಿದರು. ಐದು ತಿಂಗಳಲ್ಲಿ ನಮ್ಮವರ ಪ್ಯಾಂಟಿನ ಸೊಂಟವನ್ನು ನಾನು ಎರಡು ಸಲ ಬಿಚ್ಚಿ ಹೊಲಿದೆ. ಉಸಿರು ಮಾತ್ರ ಚೆನ್ನಾಯಿತು. ಮೇಲಿನ ಬ್ಲಾಕಿಗೆ ನಿಲ್ಲದೆ ಹತ್ತುತ್ತಿದ್ದರು. ಇಷ್ಟು ಜನ ಇಷ್ಟು ಸಹಾಯ ಮಾಡುವಾಗ ಹೆಂಡತಿಯಾದವಳು ಸುಮ್ಮನಿರಲಾದೀತೇ? ನಾನು ಮೂಸಿದೆ.

ಮೂಸುವುದರಲ್ಲಿ ನನಗೆ ಹುಟ್ಟಿನಿಂದ ಬಂದ ಪರಿಣತಿ ಇದೆ. ನನ್ನ ತವರು ಪಿರಿಯಾಪಟ್ಟಣದ ಕಡೆ. ಅಪ್ಪ ಬೆಳೆಯುತ್ತಿದ್ದುದು ಹೊಗೆಸೊಪ್ಪು. ಮನೆಯ ಹಿಂದೆಯೇ ಸೊಪ್ಪು ಬೇಯಿಸುವ ಬ್ಯಾರನ್ನು. ಅಪ್ಪ ಅದರ ಬಾಗಿಲನ್ನು ಒಂದಿಷ್ಟೇ ಸರಿಸಿ, ಮೂಗು ತೂರಿಸಿ, "ಇನ್ನೊಂದು ದಿನ ಬೇಕು" ಎನ್ನುತ್ತಿದ್ದರು. ಅವರ ಮೊಣಕೈ ಕೆಳಗೆ ನನ್ನ ಮೂಗೂ ತೂರಿರುತ್ತಿತ್ತು. ಅಪ್ಪ ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೆ ಆ ಸೊಪ್ಪಿನಿಂದಲೇ ನಾನು ಕಾನ್ವೆಂಟಿಗೆ ಹೋದದ್ದು, ಬಿಳಿ ಕಾಲುಚೀಲ ಹಾಕಿದ್ದು, ಇಂಗ್ಲಿಷ್ ಪದ್ಯ ಉರು ಹೊಡೆದದ್ದು. ಎಲ್ಲೆಲ್ಲಿಯೋ ಇದ್ದ ಹೆಂಗಸರ ಗಂಡಂದಿರು ಎಳೆದ ಹೊಗೆಯಿಂದ ವಿದ್ಯಾವಂತಳಾದವಳು ನಾನು. ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಆದರೂ ಹತ್ತೊಂಬತ್ತು ವರ್ಷದ ಜಗಳಗಳಲ್ಲಿ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ದಿನಕ್ಕೆರಡು ಸಲ ಆಡುತ್ತಿದ್ದೆ.

ಆ ದಿನ ಅಂಗಿಯೇನೋ ಪರೀಕ್ಷೆಯಲ್ಲಿ ಪಾಸಾಯಿತು. ಮಳೆ ಶುರುವಾಗಿ ಒಂದು ವಾರವಾಗಿತ್ತು. ಒದ್ದೆಯಾಗಿದ್ದ ಮಳೆಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಲು ಎತ್ತಿದರೆ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ನಿಂಬೆಹಣ್ಣಿನ ಗಾತ್ರದ ಬಟ್ಟೆಯ ಗಂಟು, ದಾರ ಬಿಗಿದು ಕಟ್ಟಿದ್ದು. ಮೂಗಿಗೆ ಹಿಡಿದೆ. ಹೊಗೆಸೊಪ್ಪು! ಅದೂ ಸಿಗರೇಟಿನ ಸೊಪ್ಪಲ್ಲ, ಎಲೆಅಡಿಕೆಯೊಡನೆ ಜಗಿಯುವ ಖಾರದ ಸೊಪ್ಪು. ಸೇದುವುದನ್ನು ಬಿಟ್ಟು ಜಗಿಯಲು ಶುರುಮಾಡಿದ್ದಾರೆ. ಅದಕ್ಕೇ ಅಂಗಿಯಲ್ಲಿ ವಾಸನೆ ಬರುತ್ತಿಲ್ಲ. ಡಾಕ್ಟರಿಗೆ, ಆಳುಗಳಿಗೆ, ಕಾಕನಿಗೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೂಗಿಗೆ ಮೋಸ!

ತಿಂಡಿಗೆ ಕೂತಾಗ ಗಂಟನ್ನು ಅವರ ತಟ್ಟೆಯ ಪಕ್ಕ, ನೀರಿನ ಲೋಟದ ಎದುರಿಗೆ ಇಟ್ಟೆ. ಅಕ್ಕಿರೊಟ್ಟಿ ಬಡಿಸಿದೆ. ನಿಟ್ಟುಸಿರು ಬಿಟ್ಟೆ. ಅವರು ಗಂಟು ನೋಡಿ ನಗಲು ಹೊರಟವರು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

"ಜೇಬು ಹುಡುಕಿದ್ಯಾ?"

"ಕೋಟು ಒಣಗಿಸೋಕೆ ತಗೊಂಡೆ."

"ದಿನಾ ಅಂಗಿ ಮೂಸ್ತೀಯಲ್ಲ, ಅದೂ ಒಣಗಿಸೋಕಾ?"

ಅವರಿಗೆ ಗೊತ್ತಿತ್ತು! ಐದು ತಿಂಗಳಿಂದಲೂ ಗೊತ್ತಿತ್ತು. ಸಿಕ್ಕಿಬಿದ್ದವಳು ನಾನಾದರೂ ಕೋಪವೂ ನನಗೇ ಬಂತು. "ಇದೇನು ಅಂತ ಒಂದು ಮಾತು ಹೇಳಿಬಿಡಿ, ಸಾಕು" ಎಂದೆ.

"ಊರೆಲ್ಲ ನಂಬ್ತದೆ ಕಣೆ ಶಶಿ, ನಿನಗೊಬ್ಬಳಿಗೇ ಹೇಳ್ಬೇಕಾ? ನೀನೇ ಮೂಸಿ ತೀರ್ಮಾನ ಮಾಡ್ಕೊ. ಮೂಸೋದ್ರಲ್ಲಿ ನಿನ್ನ ಮೀರಿಸೋರು ಯಾರಿದಾರೆ?" ಎಂದು ಎದ್ದೇಬಿಟ್ಟರು. ನಾಲ್ಕು ರೊಟ್ಟಿಯಲ್ಲಿ ಎರಡೂವರೆ ತಟ್ಟೆಯಲ್ಲೇ ಉಳಿಯಿತು. ಗಂಟೂ ಉಳಿಯಿತು.

ಹತ್ತು ಗಂಟೆಗೆ ಸಕ್ಕರೆ ತರುವ ನೆಪ ಮಾಡಿಕೊಂಡು ಗಂಟನ್ನು ಚೀಲದಲ್ಲಿಟ್ಟು ಮೊಯ್ದುಕಾಕನ ಅಂಗಡಿಗೆ ಹೋದೆ. ಮನೆಯಲ್ಲಿ ಎರಡು ಕಿಲೋ ಸಕ್ಕರೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಕಾಕ, "ಎಂತ ಮಗಳೇ, ಇವತ್ತು ಮನೆಯಲ್ಲಿ ಯುದ್ಧವಾ?" ಎಂದರು. "ಸಾರ್ ಬಂದಿದ್ರು. ಒಂದು ಸಿಗರೇಟು ಕೊಡಿ ಕಾಕ ಅಂದ್ರು."

ನಾನು ಮುಂದಕ್ಕೆ ಬಾಗಿದೆ. "ಕೊಟ್ರಾ?"

"ಇಲ್ಲ ಅಂದೆ. ಡಬ್ಬ ಅಲ್ಲೇ ಕಾಣ್ತಾ ಉಂಟು, ಗೊನೆ ಮುಂದೆ ಎಳೀಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ. ಆದ್ರೂ ಇಲ್ಲ ಅಂದೆ. ಚಾಯ ಕೊಟ್ಟೆ. ಮುಟ್ಟದೆ ಹೋದ್ರು. 'ಮನೆಯಲ್ಲೇ ನಂಬೋದಿಲ್ಲ, ಬಿಟ್ಟು ಎಂತ ಪ್ರಯೋಜನ ಕಾಕ' ಅಂತ ಹೇಳಿ ಹೋದ್ರು."

ನಾನು ಚೀಲದಿಂದ ಗಂಟು ತೆಗೆದು ಎದುರಿಗಿಟ್ಟೆ. "ಮತ್ತೆ ಇದೇನು ಕಾಕ? ಜಗಿಯೋ ಸೊಪ್ಪಲ್ವಾ?"

ಕಾಕ ತಕ್ಕಡಿ ಹಿಡಿದುಕೊಂಡು ನಕ್ಕರು. "ಬಾಯಿಗೆ ಹಾಕಿ ನೋಡು ಮಗಳೇ, ಅರ್ಧ ಉಪ್ಪು! ಇದು ಜಿಗಣೆಗೆ ಮುಟ್ಟಿಸುವ ಗಂಟು. ಕೋಲಿನ ತುದಿಗೆ ಕಟ್ಟಿಕೊಳ್ಳುವುದು. ಮೊದಲು ಸಾರಿನ ಕೈಲಿ ಸಿಗರೇಟು ಇತ್ತು, ಮುಟ್ಟಿಸಿದ್ರೆ ಬೀಳ್ತಿತ್ತು. ಈಗ ಎಂತ ಉಂಟು? ಜಿಗಣೆಗೆ ಹಬ್ಬ. ಚೆಲುವಮ್ಮ ನಿನ್ನೆ ತನ್ನ ಸೊಪ್ಪು ಕೊಟ್ಟು ಮಾಡಿಸಿದ್ದು, ಉಪ್ಪು ನನ್ನದೇ."

ಉಪ್ಪಿಗೆ ವಾಸನೆ ಇಲ್ಲ. ಮೂಗನ್ನೇ ನಂಬಿಕೊಂಡವರಿಗೆ ಸಿಗುವುದು ಅರ್ಧ ಸತ್ಯ. ಒಂದು ವಾರದಿಂದ ಅವರ ಕಾಲುಚೀಲಗಳಲ್ಲಿ ರಕ್ತದ ಕಲೆ ಇದ್ದದ್ದು ಆಗ ನೆನಪಾಯಿತು. ಕಲೆ ಹೋಗುವಂತೆ ಉಜ್ಜಿ ಒಗೆದಿದ್ದೆ, ಯಾಕೆ ಎಂದು ಯೋಚಿಸಿರಲಿಲ್ಲ. ನನ್ನ ತನಿಖೆ ಅಂಗಿಯಿಂದ ಕೆಳಗೆ ಇಳಿದೇ ಇರಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಮಳೆಗಾಲದ ತೋಟದೊಳಗೆ ನಾನು ಕಾಲಿಟ್ಟವಳಲ್ಲ. ಜಿಗಣೆಯ ಹೆಸರು ಕೇಳಿದರೇ ಸೆರಗು ಎತ್ತಿಕೊಳ್ಳುವವಳು. ಆ ದಿನ ಗಂಟನ್ನು ಕೈಯಲ್ಲಿ ಹಿಡಿದು, ಕೊಡೆ ಬಿಚ್ಚಿ, ಮನೆಯ ಚಪ್ಪಲಿಯಲ್ಲೇ ಏರು ಹತ್ತಿದೆ. ಐದು ತಿಂಗಳು ಊರೆಲ್ಲ ಸೇರಿ ಕಟ್ಟಿದ್ದನ್ನು ನಾನು ಒಂದು ನಿಟ್ಟುಸಿರಿನಲ್ಲಿ ಉರುಳಿಸಿದೆನೇನೋ ಎಂಬ ಭಯ. ನಮ್ಮವರು ಮೂರು ಕಡೆ ನಿಂತ ಏರಿನಲ್ಲಿ ನಾನು ಏಳು ಕಡೆ ನಿಂತೆ. ನಾನು ಸಿಗರೇಟು ಸೇದುವವಳೂ ಅಲ್ಲ.

ಮೇಲಿನ ಬ್ಲಾಕಿನ ಗೊಬ್ಬರದ ಶೆಡ್ಡಿನಲ್ಲಿ ಆಳುಗಳು ಚಹಾಕ್ಕೆ ಕೂತಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ನಮ್ಮವರು ಮೂಟೆಯ ಮೇಲೆ ಕೂತಿದ್ದರು. ಅವರ ಬೆರಳ ಸಂದಿಯಲ್ಲಿ ಸಿಗರೇಟು! ಗೊಬ್ಬರದ ಲಾರಿಯ ಡ್ರೈವರಿಗೆ ಪಾಪ ಏನೂ ಗೊತ್ತಿಲ್ಲ, ಕೇಳಿದ್ದಕ್ಕೆ ಕೊಟ್ಟು ಹೋಗಿದ್ದನಂತೆ. ಇನ್ನೂ ಹಚ್ಚಿರಲಿಲ್ಲ. ನಾನು ಕಂಬದ ಹಿಂದೆಯೇ ನಿಂತೆ.

"ಬೆಂಕಿಪೊಟ್ಣ ಕೊಡು ಚೆಲುವಮ್ಮ."

"ಎಲ್ಲೈತೆ ರೈಟ್ರೇ, ನನ್ನತ್ರ ಇಲ್ಲ."

"ಇಪ್ಪತ್ತು ಜನ ಇದೀರ, ಒಬ್ಬರತ್ರಾನೂ ಇಲ್ವಾ?"

"ಒಬ್ಬರತ್ರಾನೂ ಇಲ್ಲ."

"ಮತ್ತೆ ಆ ಒಲೆ ಹೆಂಗೆ ಹತ್ತಿತು?"

ಚೆಲುವಮ್ಮ ಕತ್ತು ಕೂಡ ತಿರುಗಿಸಲಿಲ್ಲ. "ಯಾವ ಒಲೆ?" ಎಂದಳು.

ಅಷ್ಟರಲ್ಲಿ ನಾಲ್ಕು ಹೆಂಗಸರು ಎದ್ದು ಒಲೆಗೆ ಅಡ್ಡವಾಗಿ ಸೀರೆ ಹರಡಿಕೊಂಡು ಕೂತಿದ್ದರು. ಅವರ ತಲೆಗಳ ಮೇಲಿಂದ ಹೊಗೆ ಏಳುತ್ತಿತ್ತು. ನಮ್ಮವರು ಆ ಹೊಗೆ ನೋಡಿದರು, ಚೆಲುವಮ್ಮನನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲೇ ಹಟ ಇಳಿದುಹೋಯಿತು. ಸಿಗರೇಟನ್ನು ಅವಳ ಕೈಗೆ ಕೊಟ್ಟು, "ತಗೋ ಮಾರಾಯ್ತಿ, ಜಿಗಣೆಗೆ ಹಾಕು" ಎಂದರು.

ನಾನು ಗಂಭೀರವಾಗಿ ಪ್ರವೇಶಿಸಬೇಕೆಂದಿದ್ದೆ. ಆದರೆ ಕಾಲಿನತ್ತ ನೋಡಿಕೊಂಡವಳು ಕಿಟಾರನೆ ಕಿರುಚಿದೆ. ಎರಡೂ ಕಾಲಿನಲ್ಲಿ ಒಟ್ಟು ಒಂಬತ್ತು. ಚೆಲುವಮ್ಮ ನನ್ನ ಕೈಯ ಗಂಟನ್ನು ಕಿತ್ತುಕೊಂಡು ಒಂದೊಂದಕ್ಕೇ ಒತ್ತುತ್ತ, "ರೈಟ್ರೇ, ಅಮ್ಮಾವ್ರು ಗಂಟು ತಂದವ್ರೆ, ಜೊತೆಗೆ ಜಿಗಣೇನೂ ತಂದವ್ರೆ" ಎಂದಳು.

"ಜಿಗಣೆಗೆ ಹೆದರಿ ಅಂಗಳ ದಾಟದವಳು, ಇಲ್ಲೀತನಕ ಬಂದ್ಯಾ?" ಎಂದರು ನಮ್ಮವರು ಮೆಲ್ಲಗೆ. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಇಪ್ಪತ್ತು ಜನ ನೋಡುತ್ತಿದ್ದುದರಿಂದ ಅದು, "ಮಧ್ಯಾಹ್ನಕ್ಕೆ ಮೀನು ಸಾರು ಮಾಡ್ತೀನಿ" ಎಂದು ಹೊರಬಿತ್ತು. ಅವರಿಗೆ ಅರ್ಥವಾಯಿತು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದರೆ ಇಷ್ಟು ಅನುವಾದ ಎಲ್ಲ ಗಂಡಂದಿರಿಗೂ ಬರುತ್ತದೆ.

ಸಂಜೆ ಮಳೆ ಬಿಟ್ಟಿತ್ತು. ಪೂವಕ್ಕ ಬೇಲಿಯ ಹತ್ತಿರ ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದರು. ನಾನು ಕಾಲಿಗೆ ಅರಿಸಿನ ಮೆತ್ತಿಕೊಂಡು ನಿಂತು ಇಡೀ ಕತೆ ಹೇಳಿದೆ. ಗಂಟಿನ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಿ, ನಾನು ಗುಡ್ಡ ಹತ್ತಿದ್ದನ್ನು ಸ್ವಲ್ಪ ದೊಡ್ಡದು ಮಾಡಿ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ, "ಅಂತೂ ನಾವೆಲ್ಲ ಸೇರಿ ಅವರಿಗೆ ಸಿಗರೇಟು ಬಿಡಿಸಿದ್ವಿ ಅಲ್ವಾ ಪೂವಕ್ಕ? ಸುತ್ತ ಇರೋರ ಸಹಾಯ ಬೇಕೇ ಬೇಕು" ಎಂದು ಸೇರಿಸಿದೆ.

ಪೂವಕ್ಕ ಕೊನೆಯ ಕೋಳಿಯನ್ನು ಒಳಗೆ ತಳ್ಳಿ ಬಾಗಿಲು ಹಾಕುತ್ತ, ತಲೆ ಎತ್ತದೆಯೇ ಹೇಳಿದರು. "ಅದೆಲ್ಲ ಸರಿ ಶಶಿ. ಆದ್ರೆ ನಿನ್ನನ್ನ ಮನೆಯಲ್ಲಿ ಇಟ್ಕೊಂಡೂ ಸಿಗರೇಟಿಲ್ಲದೆ ಐದು ತಿಂಗಳು ಕಳೆದ್ರಲ್ಲ, ಭಾರಿ ಗಟ್ಟಿ ಮನುಷ್ಯ ಮಾರಾಯ್ತಿ."