ಮಿಲ್ಟ್ರಿ ಶ್ರೀರಾಮಪ್ಪನವರ ಬಂದೂಕು

ಹೆಣ್ಣು ನೋಡಲು ಹೋದ ದಿನ ಭೀಮರಾಜ ಹೇಳಿದ್ದು ಒಂದೇ ಮಾತು. "ನಮ್ಮ ತಾತ ಮಿಲ್ಟ್ರಿ ಶ್ರೀರಾಮಪ್ಪ ಅಂದ್ರೆ ಚಿಕ್ಕಜಾಲದಲ್ಲಿ ಎಲ್ರಿಗೂ ಗೊತ್ತು." ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಮಾವನವರು ಎದೆ ಸೆಟೆಸಿ ಕೂತು, ಸಿಪಾಯಿ ವಂಶಕ್ಕೆ ಹೆಣ್ಣು ಕೊಡುವುದು ಪುಣ್ಯ ಎಂದುಬಿಟ್ಟರು. ತಾತ ನಡೆಸುತ್ತಿದ್ದದ್ದು ಬಾಡೂಟದ ಮಿಲ್ಟ್ರಿ ಹೋಟೆಲು, ಅಲ್ಲಿ ಬೀಳುತ್ತಿದ್ದದ್ದು ಬರೀ ಕುರಿಗಳು ಎಂದು ಹೇಳಲು ಭೀಮರಾಜ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಅದಕ್ಕೆ ಮೈಸೂರುಪಾಕು ತುರುಕಿದರು. ಅವತ್ತು ಮುಚ್ಚಿದ ಬಾಯಿ ಮಕ್ಕಳು ಕಾಲೇಜು ಸೇರಿದರೂ ತೆರೆದಿರಲಿಲ್ಲ.

ಈಗ ಕೆಂಪಾಪುರದಲ್ಲಿ ವೀರವಂಶ ಮಹಿಳಾ ಕೂಟ ಎಂದೊಂದು ಹುಟ್ಟಿಕೊಂಡಿತ್ತು. ಯುದ್ಧಕ್ಕೆ ಹೋದ ಹಿರಿಯರಿದ್ದ ಮನೆಯ ಹೆಂಗಸರಿಗೆ ಮಾತ್ರ ಅಲ್ಲಿ ಜಾಗ. ಅಧ್ಯಕ್ಷೆ ರಾಮಲಕ್ಷ್ಮಮ್ಮನವರದು ಬೆಳ್ಳುಳ್ಳಿ ಕೂಡ ಹೊಸಿಲು ದಾಟದ ಮನೆ. ಭೀಮರಾಜನ ಹೆಂಡತಿ ಯಶೋಧಾ ಗಂಡನ ತಾತನ ಹೆಸರು ಹೇಳಿಯೇ ಒಳಗೆ ಸೇರಿದ್ದಳು. ಆ ಭಾನುವಾರ ಸಂಜೆ ಹಿರಿಯರ ಫೋಟೋಗಳಿಗೆ ಹಾರ ಹಾಕುವ ಸಮಾರಂಭ.

"ರೀ, ಸಂಜೆಗೆ ತಾತನ ಫೋಟೋ ಬೇಕು, ಯೂನಿಫಾರಂನಲ್ಲೇ," ಎಂದಳು ಬೆಳಗ್ಗೆ ಕಾಫಿ ಕೊಡುತ್ತಾ. "ಇಲ್ದಿದ್ರೆ ನನ್ನನ್ನ ಕೂಟದಿಂದ ತೆಗೀತಾರೆ. ನಮ್ಮಪ್ಪನೂ ಬರ್ತಿದ್ದಾರೆ."

ಭೀಮರಾಜ ಅರ್ಧ ಕಾಫಿ ಅಲ್ಲೇ ಬಿಟ್ಟು ಎದ್ದ.

ಸ್ಕೂಟರ್ ಹತ್ತಿ ಚಿಕ್ಕಜಾಲಕ್ಕೆ, ಸೋದರತ್ತೆ ಮುನಿನಾರಾಯಣಮ್ಮನವರ ಮನೆಗೆ ಓಡಿದ. ಹೋಟೆಲು ಮುಚ್ಚಿ ಬಹಳ ಕಾಲವಾಗಿತ್ತು. ಅದರ ರುಚಿ ಮಾತ್ರ ಈ ಅತ್ತೆಯ ಕೈಯಲ್ಲಿ ಉಳಿದಿತ್ತು. ಪೆಟ್ಟಿಗೆ ತಳದಿಂದ ಅವರು ಒಂದು ಫೋಟೋ ತೆಗೆದರು. ಹಿಂದೆ 'ಮಿಲ್ಟ್ರಿ ಹೋಟೆಲ್' ಎಂಬ ಬೋರ್ಡು. ಮುಂದೆ ತಾತ, ಸೊಂಟಕ್ಕೆ ಟವೆಲು ಸುತ್ತಿ, ಒಂದು ಕೈಯಲ್ಲಿ ಉದ್ದನೆಯ ಸೌಟು ಹಿಡಿದು ನಿಂತಿದ್ದರು. ಇನ್ನೊಂದು ಕೈ ಕಚ್ಚೆಪಂಚೆಯ ಗಿರಾಕಿಯೊಬ್ಬನ ಹೆಗಲ ಮೇಲಿತ್ತು.

ಭೀಮರಾಜ ಕೈ ಚಾಚಿದ. ಅತ್ತೆ ಫೋಟೋ ಹಿಂದಕ್ಕೆ ಎಳೆದುಕೊಂಡರು.

"ನಮ್ಮಪ್ಪಂಗೆ ಆರ ಆಕೋದು ನಾನೂ ನೋಡ್ಬೇಕು ಕಣ್ಲಾ. ಕರ್ಕಂಡೋದ್ರೆ ಪಟ, ಇಲ್ದಿದ್ರೆ ಇಲ್ಲ."

ಹೋಟೆಲು ಎಂಬ ಮಾತು ಮಾತ್ರ ಬಾಯಿಂದ ಬರಬಾರದೆಂದು ಅವನು ಕೈಮುಗಿದ. ಅತ್ತೆ ಮಾರಮ್ಮನ ಮೇಲೆ ಆಣೆ ಇಟ್ಟು ಸ್ಕೂಟರಿನ ಹಿಂದೆ ಕೂತರು.

ಆರ್.ಟಿ. ನಗರದಲ್ಲಿ ಗೌಹರನ ಸ್ಟುಡಿಯೋ. ಅವನು ಬೋರ್ಡಿನಲ್ಲಿ 'ಮಿಲ್ಟ್ರಿ' ಉಳಿಸಿ 'ಹೋಟೆಲ್' ಕತ್ತರಿಸಿದ. ತಾತನಿಗೆ ಖಾಕಿ ತೊಡಿಸಿದ. ಗಿರಾಕಿಯನ್ನೂ ಕತ್ತರಿಸೋಣವೆಂದರೆ ತಾತನ ಕೈಯೇ ಹೋಗುತ್ತಿತ್ತು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಚೆನ್ನಾಗಿರಲ್ಲ ಎಂದು ಅವನಿಗೂ ಒಂದು ಖಾಕಿ ದಯಪಾಲಿಸಿದ.

"ಸೌಟನ್ನ ಬಂದೂಕು ಮಾಡಿದೀನಿ ಸಾರ್. ತುದಿ ಸ್ವಲ್ಪ ಗುಂಡಗೆ ಕಾಣುತ್ತೆ, ಅಡ್ಜಸ್ಟ್ ಮಾಡ್ಕೊಳಿ."

ಸಭೆಯಲ್ಲಿ ಮಾವನವರು ಫೋಟೋಗೆ ಸೆಲ್ಯೂಟ್ ಹೊಡೆದರು. ಯಶೋಧಾಳ ಮುಖ ಅರಳಿತು. ಇನ್ನೇನು ಗೆದ್ದೆ ಎಂದು ಭೀಮರಾಜ ಅಂದುಕೊಳ್ಳುವಾಗ ರಾಮಲಕ್ಷ್ಮಮ್ಮ ಫೋಟೋಗಳನ್ನು ನೋಡುತ್ತಾ ಬಂದರು. ಶ್ರೀರಾಮಪ್ಪನವರ ಮುಂದೆ ನಿಂತರು, ಕನ್ನಡಕ ಒರೆಸಿದರು, ಮೂಗು ತಾಗುವಷ್ಟು ಬಗ್ಗಿದರು. ಭೀಮರಾಜ ಬಾಗಿಲು ಎಷ್ಟು ದೂರವೆಂದು ಕಣ್ಣಲ್ಲೇ ಅಳೆದುಕೊಂಡ.

"ಪಕ್ಕದಲ್ಲಿರೋರು ನಮ್ಮ ತಾತ, ತ್ರಿವಿಕ್ರಮಯ್ಯನವರು," ಎಂದರು ಅವರು ಗದ್ಗದ ದನಿಯಲ್ಲಿ.

ಮೈಕು ಹಿಡಿದು ಎಲ್ಲವನ್ನೂ ಹೇಳಿದರು. ಯುದ್ಧದ ಕಾಲದಿಂದಲೂ ತಾತ ದಿನಾ ಮಧ್ಯಾಹ್ನ, ಮಿಲ್ಟ್ರಿಗೆ ಹೋಗ್ಬರ್ತೀನಿ ಎಂದು ಮನೆ ಬಿಡುತ್ತಿದ್ದರಂತೆ. ಅಲ್ಲೇನು ಕೆಲಸವೆಂದು ಕೊನೆಯವರೆಗೂ ಬಾಯಿಬಿಡಲಿಲ್ಲವಂತೆ. ಅಂಥ ಸರ್ಕಾರಿ ಗುಟ್ಟು. ಇಷ್ಟು ವರ್ಷಕ್ಕೆ ಇವತ್ತು ಸಾಕ್ಷಿ ಸಿಕ್ಕಿತು, ಇಬ್ಬರೂ ಒಂದೇ ರೆಜಿಮೆಂಟು.

"ಅಯ್ಯೋ, ಇವ್ರು ನಂಗ್ ಗೊತ್ತವ್ವ," ಎಂದರು ಮುಂದಿನ ಸಾಲಿನಲ್ಲಿದ್ದ ಅತ್ತೆ. ಭೀಮರಾಜ ಎದ್ದು ಬರುವಷ್ಟರಲ್ಲಿ ಮೈಕು ಅವರ ಕೈ ಸೇರಿತ್ತು.

"ನಮ್ಮಪ್ಪ ಕತ್ತಿ ಇಡುದ್ರೆ ಒಂದೊತ್ತಿಗೆ ನಾಕು ತಲೆ, ಅದ್ನಾರು ಕಾಲು. ಈ ಅಯ್ಯನೋರು ಬಂದ್ರೆ ಒಂದನ್ನೂ ಬಿಡ್ತಿರ್ಲಿಲ್ಲ."

ಆಣೆ ಉಳಿಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದೆ ಕೂತಿದ್ದ ಲೆಕ್ಕದ ಮೇಷ್ಟ್ರೊಬ್ಬರು ಮಾತ್ರ ಬೆರಳು ಮಡಚಿ, ನಾಲ್ಕು ತಲೆಗೆ ಎಂಟು ಕಾಲಲ್ಲವೇ ಎಂದರು.

"ಕುದುರೆ ದಳ ಇರ್ಬೇಕು, ಸುಮ್ನಿರಿ," ಎಂದು ಮಾವನವರು ಗದರಿದರು.

ಭೀಮರಾಜ ಉಸಿರು ಬಿಡಲು ಸಭಾಂಗಣದ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ರಾಮಲಕ್ಷ್ಮಮ್ಮನೂ ಬಂದರು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು.

"ಆ ಬಂದೂಕು ಸೌಟಲ್ವೇನ್ರೀ?"

ಅವನು ಅವರ ಕಾಲಿಗೇ ಬಿದ್ದ.

"ಏಳಿ, ಸೀರೆ ತುಳೀಬೇಡಿ. ತಾತ ಎಲ್ಲಿಗೆ ಹೋಗ್ತಿದ್ರು ಅಂತ ಮನೇಲಿ ನಂಗೊಬ್ಬಳಿಗೇ ಗೊತ್ತಿದ್ದದ್ದು. ನಂಗೂ ಮುತ್ತುಗದ ಎಲೇಲಿ ಕಟ್ಟಿ ತರ್ತಿದ್ರು, ಯಾರಿಗೂ ಹೇಳ್ಬೇಡ ಅಂತ." ಅವರು ಒಮ್ಮೆ ನಾಲಗೆಯಿಂದ ತುಟಿ ಸವರಿಕೊಂಡರು. "ನಿಮ್ಮತ್ತೆ ಈಗ್ಲೂ ಮಾಡ್ತಾರಾ?"

"ಮಾಡ್ತಾರಮ್ಮ."

"ಹಾಗಾದ್ರೆ ಭಾನುವಾರ ಭಾನುವಾರ ಒಂದು ಡಬ್ಬಿ. ಮೇಲೆ ಕಡಲೆಕಾಳು ಉಸ್ಲಿ ಹರಡಿ ತನ್ನಿ, ಪ್ರಸಾದ ಅನ್ಲಿ ಜನ. ತಪ್ಪಿತೋ, ಸೌಟಿನ ವಿಷಯ ಯಶೋಧಾಗೆ ಹೇಳ್ಬೇಕಾಗುತ್ತೆ. ಇವತ್ತೂ ಭಾನುವಾರವೇ ಅಲ್ವಾ?"

ಸಮಾರಂಭ ಮುಗಿದು, ಹೆಗಲಿಗೆ ಶಾಲು ಹೊದ್ದ ಯಶೋಧಾ ಹೊರಗೆ ಬಂದಾಗ ಭೀಮರಾಜ ಸ್ಕೂಟರ್ ತಿರುಗಿಸುತ್ತಿದ್ದ. ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ಅಧ್ಯಕ್ಷೆಯ ಮನೆಯ ಸ್ಟೀಲ್ ಡಬ್ಬಿ.

"ಎಲ್ಲಿಗ್ರೀ, ಅಲ್ಲಿ ಅಪ್ಪ ನಿಮ್ಮನ್ನ ಹುಡುಕ್ತಿದ್ದಾರೆ?"

ಭೀಮರಾಜ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

"ಮಿಲ್ಟ್ರಿಗೆ ಹೋಗ್ಬರ್ತೀನಿ ಕಣೇ," ಎಂದ.