ತೀರ್ಥಹಳ್ಳಿ ಇಲ್ಲೇ!

ಅರವತ್ತಮೂರರಲ್ಲಿ ಮೈಸೂರಿನಿಂದ ಸಾಗರಕ್ಕೆ ವರ್ಗವಾಗಿ ಬಂದ ಹದಿನೈದೇ ದಿನಕ್ಕೆ ನಾನು ಕಾರು ಕೊಂಡೆ. ಶ್ರೀಮಂತನೆಂದು ತಿಳಿಯಬೇಡಿ. ಅದೊಂದು ಬೇಬಿ ಆಸ್ಟಿನ್. (ಬೇಬಿ ಎನ್ನುವುದು ಹೆಸರಿಗಷ್ಟೇ, ವಯಸ್ಸಿನಲ್ಲಿ ನಮ್ಮತ್ತೆಗೆ ಅಕ್ಕ.) "ಅದು ನಮ್ಮೂರು ಮುಟ್ಟಿದರೆ ನನ್ನ ಮೀಸೆ ಬೋಳಿಸ್ತೀನಿ" ಎಂದು ನನ್ನ ಷಡ್ಡಕ ಸುಂದರೇಶ ತೀರ್ಥಹಳ್ಳಿಯಿಂದ ಕಾಗದ ಬರೆದಿದ್ದ. ಅವನ ಮಗನ ಉಪನಯನದ ಊಟದ ಹೊತ್ತಿಗೆ ಕಾರಿನಲ್ಲಿಳಿದು ಆ ಮೀಸೆಯನ್ನು ವಶಪಡಿಸಿಕೊಳ್ಳುವುದೇ ನನ್ನ ದಿಗ್ವಿಜಯದ ಗುರಿ.

"ಹೊಸನಗರದ ರಸ್ತೇಲಿ ಬಸ್ಸಿನ ಧೂಳು ಕುಡಿಯೋದು ಬೇಡ. ಒಳದಾರೀಲಿ ಊರು ನೋಡ್ತಾ ಹೋಗೋಣ" ಎಂದೆ.

"ದಾರಿ ಗೊತ್ತೇನ್ರೀ?" ಎಂದಳು ಧರ್ಮಪತ್ನಿ ವರದಮ್ಮ.

"ಬಾಯಿದ್ದವ ಬರಗಾಲದಲ್ಲೂ ಬದುಕಿದನಂತೆ. ಕೇಳ್ಕೊಂಡು ಹೋದರಾಯ್ತು."

ಆಹಾ, ಆ ದಾರಿ! ಒಂದು ತಿರುವಿಗೆ ಹೊಳೆ, ಇನ್ನೊಂದಕ್ಕೆ ಎಮ್ಮೆ, ಮೂರನೆಯದಕ್ಕೆ ಹೊಳೆಯಲ್ಲೇ ಎಮ್ಮೆ. ನಾನು ಹಾಡಿದೆ, ಹಾರನ್ನೂ ಹಾಡಿತು. ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಎದುರಾದಳು.

"ಅಮ್ಮಾ, ಈ ದಾರಿ ತೀರ್ಥಹಳ್ಳಿಗೆ ಹೋಗುತ್ತಾ?"

"ಇಲ್ಲೆ."

"ನೋಡಿದೆಯಾ? ಇಲ್ಲೇ ಅಂತೆ!" ಎಂದು ಗಾಡಿ ಬಿಟ್ಟೆ. ಗಂಟೆ ಕಳೆದ ಮೇಲೆ, ಬಾಯ್ತುಂಬ ಎಲೆಅಡಿಕೆಯ ಕವಳ ತುಂಬಿಕೊಂಡ ಯಜಮಾನರೊಬ್ಬರನ್ನು ಕೇಳಿದೆ. ಅವರೂ "ಇಲ್ಲೆ" ಎಂದರು.

"ಆಗಲೂ ಇಲ್ಲೇ, ಈಗಲೂ ಇಲ್ಲೇ. ತೀರ್ಥಹಳ್ಳಿಯೇನು ನಮ್ಮ ಹಿಂದೆ ಓಡಿಬರ್ತಿದ್ಯಾ?" ಎಂದಳು ಇವಳು.

ಗಾಡಿ ಹೊರಟ ಮೇಲೆ ತಿರುಗಿ ನೋಡಿದರೆ, ಯಜಮಾನರು ಕವಳ ಉಗಿದು, ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಎಂಥ ಅಕ್ಕರೆಯ ಜನ! ನಾನೂ ಕೈ ಬೀಸಿದೆ.

ಮಧ್ಯಾಹ್ನ ಎರಡು ಗಂಟೆಗೆ ಒಂದು ದೇವಸ್ಥಾನದ ಮುಂದೆ ದಾರಿ ಮುಗಿಯಿತು. ವರದಮ್ಮ ಇಳಿದು ನೋಡಿ ಹಣೆ ಚಚ್ಚಿಕೊಂಡಳು.

"ರೀ, ಇದು ವರದಾ ನದಿ ಹುಟ್ಟೋ ವರದಮೂಲ! ಹೋದ ಸೋಮವಾರ ಪಕ್ಕದ್ಮನೆಯವರ ಜೊತೆ ಬಂದಿದ್ದೆ. ಇಷ್ಟು ಹೊತ್ತು ಸುತ್ತಿ ಸುತ್ತಿ ಮನೆಯಿಂದ ನಾಲ್ಕೇ ಮೈಲಿ ಬಂದಿದ್ದೀವಿ!"

(ನನ್ನ ಸಕಲ ಸಂಕಟಗಳ ಮೂಲ ವರದೆಯೇ ಎಂಬ ಮಾತು ತುದಿನಾಲಿಗೆಗೆ ಬಂತು. ನುಂಗಿಕೊಂಡೆ. ಬೆಳಗಿನಿಂದ ನುಂಗಿದ್ದು ಅದೊಂದೇ.) ಸುಂದರೇಶನ ಮೀಸೆ ಉಳಿಯಿತು. ಹೊಟ್ಟೆಯಾದರೂ ತುಂಬಲಿ ಎಂದು ಅರ್ಚಕ ನಾರಾಯಣಮೂರ್ತಿಗಳ ಜಗಲಿಯಲ್ಲಿ ಕುಳಿತೆವು. ಒಳಗಿನಿಂದ ಹೋಳಿಗೆಯ ಘಮ. ಅವರು ಬಂದು ಆದರದಿಂದ ಕೇಳಿದರು:

"ಊಟ ಮಾಡ್ತ್ರ?"

ದೇವರೇ ಬಂದು ಕೇಳಿದಂತಾಯಿತು. ಒಳಗೆ ಹೋಗುವಷ್ಟೂ ತ್ರಾಣವಿಲ್ಲದೆ ಜಗಲಿಯನ್ನೇ ತಟ್ಟಿ, "ಇಲ್ಲೇ! ಇಲ್ಲೇ!" ಎಂದೆ.

ಅವರ ಮುಖ ಪೆಚ್ಚಾಯಿತು. ವರದಮ್ಮನ ಕಡೆ ತಿರುಗಿದರು. "ನಾನು ಮಾಡ್ತೀನಿ" ಎಂದು ಅವಳು ಒಳಗೆ ನಡೆದಳು. ನಾನು ಕೈತೊಳೆದು, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ, ಎಲೆಗೆ ಕಾದೆ. ಕಾದೇ ಕಾದೆ. ಒಳಗೆ ನಗು ಕೇಳಿಸಿತು.

ಕೊನೆಗೆ ವರದಮ್ಮ ಸೆರಗಿನಿಂದ ಬಾಯೊರೆಸಿಕೊಳ್ಳುತ್ತಾ ಬಂದಳು.

"ಇವರ ಮಾತಲ್ಲಿ ‘ಇಲ್ಲೆ’ ಅಂದ್ರೆ ‘ಇಲ್ಲ’ ಅಂತಂತೆ ಕಣ್ರೀ. ನೀವು ಎರಡೆರಡು ಸಲ ಬೇಡ ಅಂದ್ರಲ್ಲಾ, ಪಾಪ, ಅವರು ಬಹಳ ನೊಂದುಕೊಂಡ್ರು. ಅದಕ್ಕೇ ನಿಮ್ಮ ಪಾಲಿನ ಹೋಳಿಗೇನೂ ನಾನೇ ತಿಂದೆ!"